ಇಮ್ಯೂನಿಟಿಗೆ ಬ್ರೇಕೂ ಬೇಕು

"ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ" ಅನ್ನೋ ಜಾಹೀರಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಟೈಪ್ 1 ಡಯಾಬಿಟಿಸ್ ಇರುವವರು ಇದನ್ನು ಓದಿ ಏನು ಮಾಡಬೇಕು? ಅವರ ದೇಹದ ಕಾವಲು ಪಡೆ ತನ್ನವರ ಮೇಲೇ ತಿರುಗಿ ಬಿದ್ದಿದೆ. ಆಟೋಇಮ್ಯೂನ್ ಕಾಯಿಲೆ ಅನ್ನೋದು ಇದನ್ನೇ. ಅದಕ್ಕೆ ಇನ್ನಷ್ಟು ಬಲ ತುಂಬಬೇಕಾ?

ಹೀಗಾಗದಂತೆ ನೋಡಿಕೊಳ್ಳೋಕೆ ಅಂತಲೇ ನಮ್ಮೊಳಗೆ ರೆಗ್ಯುಲೇಟರಿ ಟಿ ಕೋಶಗಳಿವೆ. ಟಿ ಕೋಶ ಅಂದರೆ ಒಂದು ಬಗೆಯ ಬಿಳಿ ರಕ್ತಕಣ; ಅವುಗಳಲ್ಲಿ ಉಳಿದವಕ್ಕೆ ಬ್ರೇಕ್ ಹಾಕುವಂಥವು ಇವು. ಇವುಗಳನ್ನು ಗುರುತಿಸಿದ ಜಪಾನಿನ ಶಿಮೊನ್ ಸಕಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಅದರ ಹಿಂದಿನ ವರ್ಷದ್ದು ಮೈಕ್ರೋ ಆರ್‌ಎನ್‌ಎ ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕನ್ ಅವರಿಗೆ. ಈ ಎರಡೂ ಸುದ್ದಿಗಳನ್ನು ಒಟ್ಟಿಗೇ ಓದಬೇಕು ಅನ್ನೋದು ನನ್ನ ವಾದ.

ಮೈಕ್ರೋ ಆರ್‌ಎನ್‌ಎ ಬಲು ಪುಟ್ಟದು, ಸುಮಾರು 22 ರಾಸಾಯನಿಕ ಅಕ್ಷರಗಳ ಸರ ಅಷ್ಟೇ. ಅದರಿಂದ ಪ್ರೋಟೀನ್ ತಯಾರಾಗೋದಿಲ್ಲ. ಬೇರೆ ಜೀನ್‌ಗಳಿಂದ ಹೊರಟ ಸಂದೇಶವನ್ನು ತಡೆಯುವುದೇ ಅದರ ಕೆಲಸ. ಅದು ತಯಾರಾಗಲು ಡೈಸರ್ ಅನ್ನೋ ಕಿಣ್ವ ಬೇಕು. 2008ರಲ್ಲಿ ವಿಜ್ಞಾನಿಗಳು ಇಲಿಗಳ ರೆಗ್ಯುಲೇಟರಿ ಟಿ ಕೋಶಗಳಿಂದ ಮಾತ್ರ ಈ ಡೈಸರನ್ನು ತೆಗೆದು ನೋಡಿದರು. ಉಳಿದ ಕೋಶಗಳನ್ನು ಮುಟ್ಟಲೇ ಇಲ್ಲ. ಆದರೂ ಇಲಿಗಳಿಗೆ ಜೀವ ತೆಗೆಯುವಂಥ ಆಟೋಇಮ್ಯೂನ್ ಕಾಯಿಲೆ ಬಂತು. ರೆಗ್ಯುಲೇಟರಿ ಟಿ ಕೋಶಗಳು ಇಲ್ಲವೇ ಇಲ್ಲದ ಇಲಿಗಳಿಗೆ ಬರುತ್ತದಲ್ಲ, ಹೆಚ್ಚುಕಮ್ಮಿ ಅಂಥದ್ದೇ. ಅಂದರೆ ಬ್ರೇಕ್ ಹಾಕುವ ಈ ಕೋಶಗಳು ಕೆಲಸ ಮಾಡೋಕೆ ಮೈಕ್ರೋ ಆರ್‌ಎನ್‌ಎ ಬೇಕೇ ಬೇಕು.

ಹಾಗಾದರೆ ಮೈಕ್ರೋ ಆರ್‌ಎನ್‌ಎಯನ್ನೇ ಔಷಧಿ ಮಾಡಿದರಾಯಿತು, ಅಲ್ವಾ? ಅಷ್ಟು ಸುಲಭ ಇಲ್ಲ. ಮಿರ್-155 ಅನ್ನೋ ಮೈಕ್ರೋ ಆರ್‌ಎನ್‌ಎಯನ್ನೇ ನೋಡಿ. ರೆಗ್ಯುಲೇಟರಿ ಟಿ ಕೋಶಗಳ ಸಂಖ್ಯೆ ಕುಗ್ಗದಂತೆ ಕಾಯೋದೂ ಅದೇ, ಉರಿಯೂತ ತರುವ ಟಿ ಕೋಶಗಳಿಗೆ ಕುಮ್ಮಕ್ಕು ಕೊಡೋದೂ ಅದೇ. ಮೈಯೆಲ್ಲ ಅದನ್ನು ತಡೆದರೆ ಬೆಂಕಿ ಹಚ್ಚುವವರ ಜೊತೆ ಆರಿಸುವವರಿಗೂ ಪೆಟ್ಟು.

ಕ್ಯಾನ್ಸರ್ ರೋಗಿಗಳಿಗೆ ಮಿರ್-34ಎ ಅನ್ನೋ ಇನ್ನೊಂದು ಮೈಕ್ರೋ ಆರ್‌ಎನ್‌ಎಯ ನಕಲನ್ನು ಕೊಟ್ಟ ಪ್ರಯೋಗವೊಂದು 2016ರಲ್ಲಿ ಅರ್ಧಕ್ಕೇ ನಿಂತಿತು. ಇಮ್ಯೂನ್ ವ್ಯವಸ್ಥೆ ಕೆರಳಿ ನಾಲ್ವರು ತೀರಿಕೊಂಡರು. ಆರ್‌ಎನ್‌ಎ ಚಿಕಿತ್ಸೆ ಬಗ್ಗೆ ಉತ್ಸಾಹದಿಂದ ಬರೆಯುವವರು ಈ ಸಾವುಗಳನ್ನೂ ಬರೆಯಲೇಬೇಕು.

ಸಣ್ಣ ಆರ್‌ಎನ್‌ಎಗಳಿಂದ ಔಷಧಿ ಆಗೋದೇ ಇಲ್ಲ ಅಂತಲ್ಲ. ಮೈಕ್ರೋ ಆರ್‌ಎನ್‌ಎ ಅಲ್ಲದಿದ್ದರೂ ಅದರ ಹತ್ತಿರದ ಬಂಧುವಾದ ಇನ್ನೊಂದು ಸಣ್ಣ ಆರ್‌ಎನ್‌ಎಯಿಂದ ಮಾಡಿದ, ನರಗಳನ್ನು ಹಾಳುಮಾಡುವ ಒಂದು ಆನುವಂಶಿಕ ಕಾಯಿಲೆಯ ಔಷಧಿ ಪ್ಯಾಟಿಸಿರಾನ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೊಲೆಸ್ಟ್ರಾಲ್ ಇಳಿಸುವ ಇನ್‌ಕ್ಲಿಸಿರಾನ್ ಆಮೇಲೆ ಬಂತು. ಎರಡೂ ಕೆಲಸ ಮಾಡೋದು ಲಿವರ್‌ನಲ್ಲಿ, ಯಾಕಂದ್ರೆ ಅಲ್ಲಿಗೆ ಔಷಧಿ ತಲುಪಿಸುವ ದಾರಿ ಗೊತ್ತಾಗಿದೆ. ರಕ್ತದಲ್ಲಿ ಓಡಾಡುವ ಟಿ ಕೋಶಗಳ ಪೈಕಿ ಬೇಕಾದದ್ದಕ್ಕೆ ಮಾತ್ರ ತಲುಪಿಸೋದು ಇದಕ್ಕಿಂತ ಎಷ್ಟೋ ಕಷ್ಟ. ಹೊಸ ಹೊಸ ಮೈಕ್ರೋ ಆರ್‌ಎನ್‌ಎಗಳ ಪಟ್ಟಿ ಉದ್ದ ಮಾಡೋದಕ್ಕಿಂತ ಸಂಶೋಧನೆಯ ದುಡ್ಡು ಜಾಸ್ತಿ ಹೋಗಬೇಕಾದದ್ದು ಇಲ್ಲಿಗೆ.

ಆಟೋಇಮ್ಯೂನ್ ಕಾಯಿಲೆ ಇರುವ ಗೆಳೆಯರೇ, ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗಳನ್ನು ಯಾವುದೋ ಬೂಸ್ಟರ್ ಪುಡಿ ನಂಬಿ ಸುಮ್ನೆ ನಿಲ್ಲಿಸಬೇಡಿ. ಆ ಡಬ್ಬಿ ಮನೆಗೆ ಬಂದಿದ್ದರೆ ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ ತೋರಿಸಿ.