ಲೇತ್ ಮುಂದೆ ಗ್ಲೌಸ್ ಹಾಕಬೇಡಿ: ಒಂದು ಸ್ಪಷ್ಟನೆ

‘ಲೇತ್ ಆಗಲಿ, ಡ್ರಿಲ್ ಆಗಲಿ, ಗ್ಲೌಸ್ ಇಲ್ಲದೆ ಮುಟ್ಟಬೇಡಿ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ (ಲೇತ್ ಅಂದರೆ ಲೋಹ ಅಥವಾ ಮರದ ತುಂಡನ್ನು ತಿರುಗಿಸಿ ಕಡೆಯುವ ಮಷೀನ್). ಹೊಸದಾಗಿ ಕೆಲಸ ಕಲಿಯುವವರು ಇದನ್ನು ನಂಬಬೇಡಿ. ಇದು ಉಲ್ಟಾ.

ಲೇತಿನಲ್ಲಿ ತುಂಡನ್ನು ಹಿಡಿದು ತಿರುಗಿಸುವ ಭಾಗ, ಅಂದರೆ ಚಕ್, ನಿಮಿಷಕ್ಕೆ 500 ಸುತ್ತು ತಿರುಗಿದರೆ ಸೆಕೆಂಡಿಗೆ ಎಂಟಕ್ಕಿಂತ ಜಾಸ್ತಿ ಸುತ್ತಾಯಿತು. ಗ್ಲೌಸಿನ ಒಂದು ಎಳೆ ಸಿಕ್ಕಿಕೊಂಡರೆ ಸಾಕು, ಕೈ ಹಿಂದಕ್ಕೆ ಎಳೆಯಬೇಕು ಅನ್ನಿಸುವ ಮೊದಲೇ ಬೆರಳು ಒಳಗೆ ಹೋಗಿರುತ್ತದೆ. ಡ್ರಿಲ್ ಬಿಟ್ ಸಣ್ಣದು, ಅದೇನು ಮಾಡುತ್ತೆ ಅನ್ನಬೇಡಿ. ಅದರ ಸುರುಳಿ ದಾರ ಸುತ್ತೋದಕ್ಕೇ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಮರ ಕಡೆಯುವ ಲೇತಿಗೂ ಇದೇ ಮಾತು.

ಹಾಗಾದರೆ ಬಿಸಿ ಚಿಪ್ಸ್, ಅಂದರೆ ಕಡೆಯುವಾಗ ಬರುವ ಲೋಹದ ಚೂರು, ಅದಕ್ಕೆ ಗ್ಲೌಸ್ ಬೇಡವಾ? ಉಕ್ಕು ಕಡೆದಾಗ ಬರುವ ನೀಲಿ ಸುರುಳಿ ಬ್ಲೇಡಿನ ಹಾಗೆ ಕೊಯ್ಯುತ್ತದೆ, ನಿಜ. ಅದನ್ನು ಕೈಯಲ್ಲಿ ಎಳೆಯುವುದೇ ತಪ್ಪು. ಮಷೀನ್ ನಿಲ್ಲಿಸಿ, ಬ್ರಷ್ ಅಥವಾ ಕೊಕ್ಕೆಯಿಂದ ತೆಗೆಯಿರಿ.

ತಗಡು ಎತ್ತುವಾಗ, ವೆಲ್ಡಿಂಗ್ ಮಾಡುವಾಗ ಗ್ಲೌಸ್ ಬೇಕೇ ಬೇಕು. ಕಣ್ಣಿಗೆ ಕನ್ನಡಕವಂತೂ ಯಾವಾಗಲೂ ಇರಲಿ. ಆದರೆ ಉಂಗುರ, ವಾಚು, ಸಡಿಲ ತೋಳಿನ ಅಂಗಿ ಎಲ್ಲ ಗ್ಲೌಸಿನ ಸಾಲಿಗೇ ಸೇರಿದವು. ಮಷೀನ್ ಆನ್ ಮಾಡುವ ಮುಂಚೆ ಕೈಗೆ ಕಟ್ಟಿದ ದೇವರ ದಾರವನ್ನೂ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.