ಎಲ್ಕ್‌ಗೆ ಬಿತ್ತಿದ ಹುಲ್ಲು

ಹೋದ ವರ್ಷ ಅಪ್ಪ ಪಿಟ್ಸ್‌ಬರ್ಗ್‌ಗೆ, ನಮ್ಮ ಮನೆಗೆ ಬಂದಿದ್ದರು. ಗುಂಡ್ಲುಪೇಟೆ ಕಡೆಯ ರೈತರು, ಎಪ್ಪತ್ತು ದಾಟಿದೆ. ವೆಂಕಟೇಶ್ವರನ ಗುಡಿ ಆಯಿತು, ಅಂಗಡಿ ಮಾಲ್‌ಗಳೂ ಆದವು. ಆಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಶನಿವಾರ, ಬೆನೆಜೆಟ್ ಅನ್ನೋ ಊರಿಗೆ ಎಲ್ಕ್ ನೋಡಲು ಹೋಗೋಣ ಅಂದೆ. ಅದೇನು ಅಂತ ಕೇಳಿದರು. ನಮ್ಮ ಕಡವೆಯ ಬಳಗದ್ದು, ಅದಕ್ಕಿಂತ ದೊಡ್ಡದು ಅಂದೆ.

"ಕಡವೆ ನೋಡಕ್ಕೆ ಮೂರು ಗಂಟೆ ಕಾರಲ್ಲಿ ಹೋಗ್ಬೇಕಾ ಮಗ?" ಅಂದರು. ಆದರೂ ಸ್ವೆಟರ್ ಹಾಕಿಕೊಂಡು ಹೊರಟರು.

ಬೆನೆಜೆಟ್ ಪೆನ್ಸಿಲ್ವೇನಿಯಾದ ಎಲ್ಕ್ ಕೌಂಟಿಯಲ್ಲಿದೆ. ತುಂಬಾ ಸಣ್ಣ ಊರು. ಅದರ ಮೇಲಿನ ವಿನ್ಸ್ಲೋ ಗುಡ್ಡದಲ್ಲಿ 2010ರಲ್ಲಿ ಎಲ್ಕ್ ಕಂಟ್ರಿ ವಿಸಿಟರ್ ಸೆಂಟರ್ ಶುರುವಾಯಿತು. ಜಾಗ ರಾಜ್ಯ ಸರ್ಕಾರದ್ದು, ನಡೆಸುವುದು ಕೀಸ್ಟೋನ್ ಎಲ್ಕ್ ಕಂಟ್ರಿ ಅಲಯನ್ಸ್ ಅನ್ನುವ ಸಂಸ್ಥೆ. ಒಳಗೆ ಹೋಗಲು ದುಡ್ಡಿಲ್ಲ. ಜೀಪೂ ಇಲ್ಲ. ಕಾರು ನಿಲ್ಲಿಸಿ, ಕಾಲುದಾರಿಯಲ್ಲಿ ನಡೆದು, ಬಯಲಿನ ಅಂಚಿನಲ್ಲಿ ಮರದ ಮರೆ ಕಟ್ಟಿರುವ ಕಡೆ ನಿಂತು ಕಾಯಬೇಕು, ಅಷ್ಟೇ. ಬೆಳಗಿನ ಜಾವ ಇಲ್ಲವೇ ಸಂಜೆ ಪ್ರಾಣಿಗಳು ತಾವಾಗಿ ಕಾಡಿನಿಂದ ಬಯಲಿಗೆ ಇಳಿಯುತ್ತವೆ.

ನಾವು ಹೋದಾಗ ಐವತ್ತು ಅರವತ್ತು ಜನ ಇದ್ದರು. ಮಡಚುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದುಕೊಂಡು ಕೂತ ಅಜ್ಜಿಯರು. ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು. ಯಾರದೂ ಜೋರು ಮಾತಿಲ್ಲ. ಊರಿಗೆ ಹೋದಾಗ ನಾನೂ ಸಫಾರಿಗೆ ಹೋಗಿದ್ದೇನೆ. ಒಂದು ಸಲ ನಮ್ಮ ಜೀಪು ಒಂದು ಕಡವೆ ಹಿಂಡನ್ನು ದಾಟಿ ನಿಲ್ಲಿಸದೆ ಹೋಯಿತು, ಯಾಕೆಂದರೆ ಮುಂದೆ ಎಲ್ಲೋ ಹುಲಿ ಕಂಡಿದೆ ಅಂತ ಸುದ್ದಿ ಬಂದಿತ್ತು. ಹುಲಿ ಸಿಗಲಿಲ್ಲ. ಏನೂ ನೋಡಲಿಲ್ಲ ಅಂತ ಜೀಪಿನಲ್ಲಿದ್ದವರೆಲ್ಲ ಬೇಜಾರು ಮಾಡಿಕೊಂಡರು. ಆ ಕಡವೆಗಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅನ್ನೋದು ನನಗೆ ಇವತ್ತಿಗೂ ಕೊರೆಯುತ್ತದೆ.

ಆರೂವರೆ ಹೊತ್ತಿಗೆ ಮೊದಲ ಕೂಗು ಕೇಳಿತು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ ಎಲ್ಕ್‌ಗಳಿಗೆ ಬೆದೆಗಾಲ. ಗಂಡು ಕೂಗುತ್ತದೆ. ಮೊದಲು ಹೊಟ್ಟೆಯಿಂದ ಬಂದ ಹಾಗೆ ಒಂದು ದಪ್ಪ ದನಿ. ಅದು ಏರುತ್ತಾ ಏರುತ್ತಾ ಸಣ್ಣ ಸಿಳ್ಳೆಯಾಗುತ್ತದೆ, ಕೊನೆಗೆ ನಾಲ್ಕೈದು ಗುಟುರು. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ತೆಳ್ಳನೆಯ ದನಿ ಎಲ್ಲಿಂದ ಬರುತ್ತೆ ಅಂತ ಆಶ್ಚರ್ಯ ಆಗುತ್ತದೆ. ಅಪ್ಪ ತಟ್ಟನೆ ನನ್ನ ಕೈ ಹಿಡಿದರು. "ಯಾಕೆ ಕೂಗ್ತು? ಚಿರತೆ ಅದಾ?" ನಮ್ಮ ಕಡೆ ಕಡವೆ ಕೂಗಿತು ಅಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿದೆ ಅಂತಲೇ ಅರ್ಥ. ಅವರ ಮೈಗೆ ಅದು ಗೊತ್ತು.

ಆಮೇಲೆ ಅದು ಬಂತು. ಹದಿನೈದು ಇಪ್ಪತ್ತು ಹೆಣ್ಣುಗಳ ಹಿಂದೆ, ಕವಲು ಕವಲು ಕೊಂಬನ್ನು ಬೆನ್ನಿಗೆ ಚಾಚಿಕೊಂಡು. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಕುತ್ತಿಗೆಯ ಕೂದಲು ಕಪ್ಪಗೆ ಒದ್ದೆಯಾಗಿತ್ತು. ಕೊಂಬಿನಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು. ಕೂಗಿದಾಗ ಬಾಯಿಂದ ಹಬೆ ಏಳುತ್ತಿತ್ತು.

ನಾನು ಕೊಂಬು ನೋಡುತ್ತಿದ್ದೆ. ಅಪ್ಪ ಮಾತ್ರ ನೆಲ ನೋಡುತ್ತಿದ್ದರು. "ಇದು ಕುದುರೆ ಮಸಾಲೆ ಸೊಪ್ಪಿನ ಥರ ಅದಲ್ಲ. ತಾನಾಗೇ ಬೆಳೆದದ್ದಲ್ಲ ಇದು. ಯಾರೋ ಬಿತ್ತವ್ರೆ."

ನಿಜ, ಅದು ಬಿತ್ತಿದ್ದೇ. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಮೇಲಿನ ಮಣ್ಣು ಬಗೆದು ಕಲ್ಲಿದ್ದಲು ತೆಗೆದಿದ್ದರು. ಆಮೇಲೆ ಅಂಥ ನೆಲವನ್ನು ಮಟ್ಟ ಮಾಡಿ ಹುಲ್ಲು, ಕ್ಲೋವರ್ ಅನ್ನೋ ಮೇವಿನ ಸೊಪ್ಪು ಬಿತ್ತಿದರು. ಕಾಡಿನ ಒಳಗೇ ಅಲ್ಲಲ್ಲಿ ಮೇವಿನ ತಾಕು ಮಾಡಿದರು. ಎಲ್ಕ್ ರೈತರ ಹೊಲಕ್ಕೆ ನುಗ್ಗದೆ ಅಲ್ಲೇ ಮೇಯಲಿ ಅಂತ. ಹೊಲಗಳಿಗೆ ಬೇಲಿ ಹಾಕಲೂ ನೆರವು ಕೊಟ್ಟರು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಾಡುಪ್ರಾಣಿಗೆ ಸರ್ಕಾರವೇ ಮೇವು ಬೆಳೀತದಾ? ನಮ್ಮ ಕಡೆ ಹಂಗಾಗಿದ್ರೆ ನಾನ್ಯಾಕೆ ನಲವತ್ತು ವರ್ಷ ಅಟ್ಟಣೇಲಿ ಮಲಗ್ತಿದ್ದೆ?" ಅಂದರು.

ನಮ್ಮ ಹೊಲದಿಂದ ಬಂಡೀಪುರದ ಕಾಡಿನ ಅಂಚು ದೂರವಿಲ್ಲ. ಪೈರು ತೆನೆ ಕಟ್ಟುವ ಹೊತ್ತಿಗೆ ಕಾವಲು ಶುರು. ಅಟ್ಟಣೆ, ಟಾರ್ಚು, ಬಡಿಯಲು ಒಂದು ಡಬ್ಬ, ಒಂದು ಹಳೇ ಕಂಬಳಿ. ಕಾಡುಹಂದಿ ಬಂದರೆ ಕೂಗಿ ಓಡಿಸಬಹುದು. ಆನೆ ಬಂದರೆ ಸದ್ದು ಮಾಡದೆ ಕೂರಬೇಕು. ಚಿಕ್ಕವನಿದ್ದಾಗ ನಾನೂ ಅಪ್ಪನ ಪಕ್ಕ ಮಲಗಿದ್ದೇನೆ. ಕತ್ತಲಲ್ಲಿ ಜೋಳದ ದಂಟು ಲಟಲಟ ಮುರಿಯುವ ಸದ್ದು ನನಗೆ ಚೆನ್ನಾಗಿ ಗೊತ್ತು. ಬೆನೆಜೆಟ್‌ನಲ್ಲಿ ಪ್ರಾಣಿ ಬರಲಿ ಅಂತ ಕಾಯುತ್ತಾ ನಿಂತಾಗ ನನ್ನ ಮನಸ್ಸಿನಲ್ಲಿ ಅದೇ ಓಡುತ್ತಿತ್ತು. ಅಪ್ಪನಿಗೂ ಹಾಗೇ ಆಗಿರಬೇಕು. ಕಾರಿಗೆ ವಾಪಸ್ ಬಂದು, ಫೋನ್ ಸಿಗ್ನಲ್ ಸಿಕ್ಕ ಕೂಡಲೇ ಊರಲ್ಲಿರುವ ನನ್ನ ತಮ್ಮನಿಗೆ ಕರೆ ಮಾಡಿಸಿದರು. ಊರಲ್ಲಿ ಆಗ ಬೆಳಗಿನ ಐದೂವರೆ. ತಮ್ಮ ಇನ್ನೂ ಅಟ್ಟಣೆಯಲ್ಲೇ ಇದ್ದ.

ಅಮೆರಿಕದವರು ಬಹಳ ಒಳ್ಳೆಯವರು, ನಾವು ಕೆಟ್ಟವರು ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಇವರು ತಮ್ಮ ಎಲ್ಕ್‌ಗಳನ್ನು ಒಂದೂ ಬಿಡದೆ ಕೊಂದವರು. 1870ರ ದಶಕ ಮುಗಿಯುವ ಹೊತ್ತಿಗೆ ಪೆನ್ಸಿಲ್ವೇನಿಯಾದಲ್ಲಿ ಎಲ್ಕ್ ಇರಲಿಲ್ಲ. 1913ರಿಂದ 1926ರವರೆಗೆ 177 ಎಲ್ಕ್‌ಗಳನ್ನು ತಂದು ಬಿಟ್ಟರು. ಹೆಚ್ಚಿನವು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದವು, ರೈಲಿನಲ್ಲಿ ಬಂದವು. ಮತ್ತೆ ಬೇಟೆ, ಮತ್ತೆ ಬೆಳೆ ಹಾನಿಯ ಜಗಳ. 1936ರಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 14. ಇವತ್ತು ಸುಮಾರು 1,400 ಇವೆ. ಇದಕ್ಕೆ ನೂರು ವರ್ಷ ಹಿಡಿಯಿತು.

ನಮ್ಮಲ್ಲಿ ಕಡವೆಯನ್ನು ರೈಲಿನಲ್ಲಿ ತರಬೇಕಾಗಿ ಬರಲಿಲ್ಲ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ ಅಂದಾಜು 6,395 ಆನೆಗಳಿದ್ದವು, ದೇಶದಲ್ಲೇ ಜಾಸ್ತಿ. ಪೆನ್ಸಿಲ್ವೇನಿಯಾದ ಜನಸಂಖ್ಯೆ ಸುಮಾರು 1.3 ಕೋಟಿ. ನಾವು 2011ರಲ್ಲೇ 6 ಕೋಟಿ ದಾಟಿದ್ದೆವು. ಇಷ್ಟು ಜನರ ನಡುವೆ ಅಷ್ಟು ಆನೆ ಉಳಿದಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಅದಕ್ಕೆ ಒಂದು ಕಾರಣ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ನಿಲ್ಲಿಸಿದ್ದೂ ಪ್ರಾಣಿಗಳಿಗೆ ನೆರವಾಗಿದೆ, ಅದು ಹಾಗೇ ಇರಬೇಕು. ಆದರೆ ಕಾಡಂಚಿನ ರೈತ ನಿದ್ದೆಗೆಟ್ಟು, ಬೆಳೆ ಕಳೆದುಕೊಂಡು, ಕೆಲವು ಸಲ ಪ್ರಾಣವನ್ನೇ ಕಳೆದುಕೊಂಡು ಇದಕ್ಕೆ ಬೆಲೆ ಕೊಡುತ್ತಿದ್ದಾನೆ. ಬೆಳೆ ಪರಿಹಾರ ಇದೆ. ಅದು ಪೈರು ಹೋದ ಮೇಲಿನ ಮಾತಾಯಿತು.

ಮೇವಿನ ಮಾತು ಮೊದಲು ಬರಬೇಕು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಎಲ್ಲಿ ನೋಡಿದರೂ ಮರದ ಕೆಳಗೆ ಹೊರದೇಶದಿಂದ ಬಂದ ಲಂಟಾನ ಪೊದೆ ಹಬ್ಬಿದೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲ. ಈಗ ಹಳದಿ ಹೂವಿನ ಸೆನ್ನಾ ಅನ್ನೋ ಮರ ಬೇರೆ ಹಬ್ಬುತ್ತಿದೆ. ಹುಲ್ಲಿಲ್ಲದ ಕಾಡಿನಿಂದ ಪ್ರಾಣಿ ಹೊರಗೆ ಬರದೆ ಇನ್ನೇನು ಮಾಡುತ್ತೆ? ಬಿಳಿಗಿರಿಯ ಸೋಲಿಗರು ಹಿಂದೆ ತರಗು ಬೆಂಕಿ ಹಾಕುತ್ತಿದ್ದರು. ಬೇಸಿಗೆ ಬಿರುಸಾಗುವ ಮೊದಲೇ ನೆಲದ ತರಗನ್ನು ಮಾತ್ರ ಸುಡುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಜಾಸ್ತಿಯಾಯಿತು ಅಂತ ಅವರು ಹೇಳುತ್ತಾರೆ. ಕಾಡಲ್ಲೇ ಹುಟ್ಟಿ ಬೆಳೆದವರ ಮಾತು, ಅದನ್ನು ಕೇಳಿಸಿಕೊಳ್ಳಬೇಕು ಅಲ್ವಾ? ಲಂಟಾನ ತೆಗೆಯುವ ಕೆಲಸ ಕೆಲವು ಕಡೆ ನಡೆಯುತ್ತಿದೆ. ತೆಗೆದ ಜಾಗದಲ್ಲಿ ಮತ್ತೆ ಹುಲ್ಲು ಬರುವ ತನಕ ಕೈಬಿಡದೆ ಮಾಡಿದರೆ ಮಾತ್ರ ಆ ಕೆಲಸ ಫಲ ಕೊಡುತ್ತದೆ. ಇಲ್ಲದಿದ್ದರೆ ಎರಡು ಮಳೆಗೆ ಮತ್ತೆ ಲಂಟಾನವೇ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ವನ್ಯಜೀವಿ ಇಲಾಖೆಗೆ ಬೇಟೆ ಪರವಾನಗಿಯ ಹಣ ಬಹಳ ಮುಖ್ಯ. 2001ರಿಂದ ಎಲ್ಕ್ ಬೇಟೆಗೂ ಲಾಟರಿ ಎತ್ತಿ ಕೆಲವರಿಗೆ ಅನುಮತಿ ಕೊಡುತ್ತಾರೆ. ಅದು ನನಗೆ ಒಗ್ಗುವುದಿಲ್ಲ, ನಮಗೆ ಬೇಡವೂ ಬೇಡ. ನಮ್ಮಲ್ಲಿ ಸಫಾರಿ ಟಿಕೆಟ್ ಇದೆ, ಕಾಡಂಚಿನಲ್ಲಿ ಸಾಲುಸಾಲು ರೆಸಾರ್ಟ್ ಇವೆ. ಆ ಹಣದಲ್ಲಿ ಗೊತ್ತುಮಾಡಿದ ಒಂದು ಪಾಲು ಹುಲ್ಲಿಗೆ, ಬೇಲಿಗೆ, ಕಾವಲಿಗೆ ಅಂತ ತೆಗೆದಿಡಲಿ. ಎಷ್ಟು ಬಂತು, ಎಲ್ಲಿ ಹೋಯಿತು ಅಂತ ಆಯಾ ಪಂಚಾಯಿತಿಯ ಗೋಡೆ ಮೇಲೆ ಬರೆಯಲಿ. ಕಾಡಂಚಿನ ಒಂದು ಬಯಲಿನಲ್ಲಾದರೂ ದುಡ್ಡಿಲ್ಲದೆ ಕೂತು ನೋಡುವ ಜಾಗ ಮಾಡಲಿ. ನಮ್ಮೂರಿನ ಎಷ್ಟೋ ಮಕ್ಕಳು ಆನೆಯನ್ನು ನೋಡಿರುವುದು ತಮ್ಮ ಹೊಲದಲ್ಲಿ ಮಾತ್ರ, ಅದೂ ಹೆದರಿಕೊಂಡು.

ವಾಪಸ್ ಹೊರಡುವ ಮೊದಲು ಅಪ್ಪ ಬಗ್ಗಿ ಆ ಕ್ಲೋವರ್‌ನ ಎರಡು ಎಸಳು ಕಿತ್ತು ಕೈಯಲ್ಲಿ ಹೊಸಕಿ ಮೂಸಿ ನೋಡಿದ್ದರು. ಕಾರಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ನಿದ್ದೆ ಬಂದಿದೆ ಅಂದುಕೊಂಡಿದ್ದೆ. "ಇದರ ಬೀಜ ನಮ್ಮ ಮಣ್ಣಿಗೆ ಬರಾಕಿಲ್ಲ. ನಮ್ಮ ಕರಡ ಹುಲ್ಲೇ ಸಾಕು. ಲಂಟಾನ ಕೀಳೋರು ಬೇಕು ಅಷ್ಟೇ" ಅಂದರು.