ಒಂದೂವರೆ ಪಟ್ಟು ವೇಗದ ಮಹಾನುಭಾವರಿಗೆ

"ಶನಿವಾರ ಭಾನುವಾರ ಮನೆಯಿಂದ ಆಚೆ ಕಾಲಿಡಲ್ಲ, ಒಳ್ಳೇ ವರ್ಲ್ಡ್ ಸಿನಿಮಾ ಇದ್ರೆ ಹೇಳು ಮಾರಾಯ" ಅಂದ ಗೆಳೆಯನಿಗೆ ಇರಾನಿನ ನಿರ್ದೇಶಕ ಕಿಯರೋಸ್ತಮಿಯ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್' (1987) ನೋಡು ಅಂದಿದ್ದೆ. ಈಗಷ್ಟೇ ಅವನ ಪಕ್ಕದಿಂದ ಎದ್ದು ಬಂದೆ. ಪುಣ್ಯಾತ್ಮ ಅದನ್ನು 1.5ಎಕ್ಸ್‌ನಲ್ಲಿ ಓಡಿಸ್ತಿದ್ದಾನೆ! ಯಾಕಪ್ಪಾ ಅಂದ್ರೆ, "ತುಂಬಾ ಸ್ಲೋ ಕಣೋ."

ನನ್ನ ಮೂಗಿನ ತುದಿಯ ಕೋಪ ನಿಮಗೇನೂ ಹೊಸದಲ್ಲ. ಆದರೆ ಈ ಸಲ ನನ್ನದೇ ಸರಿ, ಕೇಳಿ.

ಆ ಸಿನಿಮಾದ ಕತೆ ಇಷ್ಟೇ. ಅಹ್ಮದ್ ಅನ್ನೋ ಹುಡುಗನ ಚೀಲಕ್ಕೆ ಪಕ್ಕದಲ್ಲಿ ಕೂರುವವನ ನೋಟ್‌ಬುಕ್ ತಪ್ಪಿ ಬಂದಿದೆ. ನಾಳೆ ಅದರಲ್ಲೇ ಹೋಂವರ್ಕ್ ತೋರಿಸದಿದ್ದರೆ ಮೇಷ್ಟ್ರು ಆ ಪಕ್ಕದವನನ್ನು ಶಾಲೆಯಿಂದಲೇ ಓಡಿಸ್ತಾರೆ. ಕೊಟ್ಟು ಬರೋಣ ಅಂದ್ರೆ ಅವನ ಮನೆ ಎಲ್ಲೋ ಗೊತ್ತಿಲ್ಲ, ಗುಡ್ಡದಾಚೆಯ ಊರು. ಕತ್ತಲಾಗೋ ಹೊತ್ತಿಗೆ ದಾರಿ ತೋರಿಸ್ತೀನಿ ಅಂತ ಒಬ್ಬ ಮುದುಕ ಜೊತೆಯಾಗ್ತಾನೆ. ಬಡಗಿ. ತಾನು ಮಾಡಿದ ಬಾಗಿಲು ಕಿಟಕಿಗಳ ಪುರಾಣ ಹೇಳ್ತಾ, ಹೆಜ್ಜೆ ಮೇಲೆ ಹೆಜ್ಜೆ ಇಡ್ತಾ ನಡೀತಾನೆ. ಹುಡುಗನಿಗೋ ಜೀವ ಬಾಯಿಗೆ ಬಂದಿದೆ, ಆದರೆ ಹಿರಿಯರನ್ನು ಬಿಟ್ಟು ಓಡೋದು ಹೇಗೆ? ಆ ಚಡಪಡಿಕೆ ನೋಡುವವನ ಕಾಲಿಗೂ ಹತ್ತಬೇಕು, ಅದಕ್ಕೇ ಆ ದೃಶ್ಯ ಇರೋದು. ನನ್ನ ಗೆಳೆಯ ಗುಂಡಿ ಒತ್ತಿ ಮುದುಕನನ್ನೂ ಓಡಿಸಿಬಿಟ್ಟ. ಇನ್ನೇನು ಉಳೀತು ಸಿನಿಮಾದಲ್ಲಿ?

"ನನ್ನ ಟೈಮು, ನನ್ನ ಸಬ್‌ಸ್ಕ್ರಿಪ್ಷನ್ನು, ನಿನಗೇನು?" ಅಂದ. ಸರಿ ಸ್ವಾಮಿ. ಕೆಲವು ಸಿನಿಮಾಗಳು ಎಳೆಯುತ್ತವೆ, ಅದೂ ನಿಜ. ಎಳೆದರೆ ಅರ್ಧಕ್ಕೇ ನಿಲ್ಲಿಸಿ, ಬೈಯಿರಿ, ನಿದ್ದೆ ಹೊಡೀರಿ. ಬೇಸರ ಬಂತು ಅಂತ ಎದ್ದು ಹೋದವನ ಮೇಲೆ ನನಗೆ ಗೌರವವಿದೆ. ಪುಸ್ತಕವನ್ನೂ ಬೇಗ ಓದ್ತೀವಲ್ಲ ಅನ್ನೋ ವಾದವಂತೂ ಬೇಡವೇ ಬೇಡ. ಓದಿನ ವೇಗ ಓದುಗನದು, ಸಿನಿಮಾದ ವೇಗ ಅದನ್ನು ಮಾಡಿದವನದು. ಜೋಗುಳವನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಡಿದರೆ ಮಗು ಮಲಗುತ್ತಾ?

ಫಿನ್ಲೆಂಡಿನ ನಿರ್ದೇಶಕ ಕೌರಿಸ್ಮಾಕಿಯ 'ಫಾಲನ್ ಲೀವ್ಸ್' (2023) ಇರೋದೇ 81 ನಿಮಿಷ. ಹೆಲ್ಸಿಂಕಿಯ ಇಬ್ಬರು ಒಂಟಿಗಳು, ಗಾಳಿಗೆ ಹಾರಿಹೋದ ಒಂದು ಫೋನ್ ನಂಬರು. ಮುಖದಲ್ಲಿ ಒಂದು ಗೆರೆಯೂ ಅಲುಗಾಡದ ಹಾಗೆ ಮಾತಾಡ್ತಾರೆ, ಆಮೇಲೆ ಸುಮ್ಮನಾಗ್ತಾರೆ. ನಗು ಬರೋದು ಆ ಸುಮ್ಮನಿರುವಿಕೆಯಲ್ಲಿ. ಓಡಿಸಿ ನೋಡಿದರೆ 54 ನಿಮಿಷಕ್ಕೆ ಮುಗಿಯುತ್ತೆ, ಜೋಕೂ ಅಲ್ಲೇ ಸತ್ತಿರುತ್ತೆ. ಉಳಿಸಿದ 27 ನಿಮಿಷದಲ್ಲಿ ಏನು ಸಾಧನೆ? ರೀಲ್ಸು. ಅದನ್ನಾದರೂ ಪೂರ್ತಿ ನೋಡ್ತಾರಾ ಅಂದ್ರೆ ಅದೂ ಇಲ್ಲ.

ಜಪಾನಿನ ನಿರ್ದೇಶಕ ಓಝುವಿನ 'ಗುಡ್ ಮಾರ್ನಿಂಗ್' (1959) ಇನ್ನೂ ಮಜಾ. ಟಿವಿ ಕೊಡಿಸಲಿಲ್ಲ ಅಂತ ಅಣ್ಣತಮ್ಮ ಇಬ್ಬರೂ ಮೌನ ಮುಷ್ಕರ ಹೂಡ್ತಾರೆ. ದೊಡ್ಡವರದ್ದೂ ವ್ಯರ್ಥ ಮಾತೇ ಅಲ್ವಾ, ಶುಭೋದಯ, ಹವೆ ಚೆನ್ನಾಗಿದೆ ಅಂತ, ಎಂದು ಹುಡುಗರ ವಾದ. ಕೊನೆಗೆ ಪರಸ್ಪರ ಮನಸ್ಸಿರುವ ಇಬ್ಬರು ರೈಲು ನಿಲ್ದಾಣದಲ್ಲಿ ನಿಂತು ಹವೆ, ಮೋಡ ಅಂತಲೇ ಮಾತಾಡ್ತಾರೆ. ಹೇಳಬೇಕಾದ್ದನ್ನು ಮಾತ್ರ ಹೇಳೋದಿಲ್ಲ. ಹೂಸಿನ ಜೋಕುಗಳೂ ಧಾರಾಳವಾಗಿವೆ, ಕಲಾತ್ಮಕ ಅಂತ ಹೆದರಬೇಡಿ.

ಮನೆಮಂದಿ ಜೊತೆ ಕೂತು ನೋಡಲು ಫ್ರಾನ್ಸಿನ ನಿರ್ದೇಶಕ ಟಾಟಿಯ 'ಮಾನ್ ಆಂಕಲ್' (1958). ಮಾತು ಕಮ್ಮಿ, ಸಬ್‌ಟೈಟಲ್ ತಂಟೆಯೂ ಅಷ್ಟಕ್ಕಷ್ಟೆ.

ಜಪಾನಿನವನೇ ಆದ ಕೊರೆಎಡನ 'ಸ್ಟಿಲ್ ವಾಕಿಂಗ್' (2008) ಬಗ್ಗೆ ಬರೆಯೋದು ಬೇಡ ಅಂದುಕೊಂಡಿದ್ದೆ. ಅಮ್ಮನ ಜೊತೆ ನಾನು ಮಾತು ಬಿಟ್ಟಿದ್ದ ಕಾಲದಲ್ಲಿ ನೋಡಿದ್ದು. ಯಾರೋ ಹುಡುಗನನ್ನು ಉಳಿಸಲು ಹೋಗಿ ಆ ಮನೆಯ ಹಿರೀಮಗ ನೀರುಪಾಲಾಗಿದ್ದಾನೆ. ಬದುಕುಳಿದ ಆ ಹುಡುಗನನ್ನು ಆ ತಾಯಿ ಪ್ರತಿವರ್ಷ ಮಗನ ತಿಥಿಗೆ ಕರೀತಾಳೆ. ಪಾಪ, ಇನ್ನು ಅವನನ್ನು ಬಿಟ್ಟುಬಿಡೋಣ ಅಂತ ಕಿರೀಮಗ ಅಂದರೆ, ಕ್ರೋಶಾ ಹೆಣೀತಾ ಹೆಣೀತಾ, ದನಿ ಒಂಚೂರೂ ಏರಿಸದೆ ಉತ್ತರ ಕೊಡ್ತಾಳೆ. ಅವನೂ ವರ್ಷಕ್ಕೊಂದು ದಿನ ನರಳಲಿ ಅಂತಲೇ ಕರೆಯೋದಂತೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದೆನಾ ಅಂತ ಕೇಳಬೇಡಿ, ಅದು ನಮ್ಮಿಬ್ಬರ ವಿಷಯ. ಆ ದನಿಯನ್ನು ಓಡಿಸಿದರೆ ನಿಮಗೆ ಸಿಗೋದು ಬರೀ ಮಾಹಿತಿ.

ಇಷ್ಟು ಹೇಳಿದ ಮೇಲೂ ಆ ಗುಂಡಿ ಒತ್ತಿಯೇ ತೀರುತ್ತೇವೆ ಅನ್ನುವ ಹಠಮಾರಿಗಳಿಗೆ ಬೇರೆಯೇ ಒಂದಿದೆ, ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕೆರ್‌ಮನ್ ಅವರ 'ಜಾನ್ ದೀಲ್‌ಮನ್' (1975). 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಸಿನಿಮಾ ಪತ್ರಿಕೆಗಾಗಿ ವಿಮರ್ಶಕರು ಸಾರ್ವಕಾಲಿಕ ಶ್ರೇಷ್ಠ ಅಂತ ಮೊದಲ ಸ್ಥಾನ ಕೊಟ್ಟ ಸಿನಿಮಾ. 3 ಗಂಟೆ 21 ನಿಮಿಷ. ಒಂದು ಕಡೆ ನಾಯಕಿ ಆಲೂಗಡ್ಡೆ ಸುಲೀತಾಳೆ. ಒಂದಾದ ಮೇಲೆ ಒಂದು. ಓಡಿಸಿಕೊಳ್ಳಿ, ಧಾರಾಳವಾಗಿ ಓಡಿಸಿಕೊಳ್ಳಿ, ಆಗಲೂ 2 ಗಂಟೆ 14 ನಿಮಿಷ ಕೂತಿರಲೇಬೇಕು.